ಹಲ್ವರನ ಹೆಪ್ಪು

ನೆಸ್
ಮಾರ್ಚ್ 3, 1958

ಪ್ರೀತಿಯ ಗುನ್ವೊರ್,

ನನ್ನ ಅಕ್ಷರ ಗುರುತು ಹಿಡಿದ ಮೇಲೂ ಲಕೋಟೆಯನ್ನು ಒಲೆಗೆ ಹಾಕದೆ ಇಲ್ಲಿಯವರೆಗೆ ಓದಿದ್ದೀಯಾದರೆ, ಇನ್ನೊಂದಿಷ್ಟು ಓದು. ಹನ್ನೊಂದು ವರ್ಷ ನಾವು ಮಾತಾಡಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, ನಡುವೆ ಬೆಟ್ಟ ಇದೆ, ಕಡಲು ಒಳನುಗ್ಗಿದ ಎರಡು ಫ್ಯೋರ್ಡ್ ಇವೆ, ಹಡಗು ವಾರಕ್ಕೆ ಮೂರೇ ಸಲ ಎಂದು ಹೇಳುತ್ತಾ ಬಂದೆ. ನೀನೇನು ಹೇಳುತ್ತಿದ್ದೆಯೋ ಗೊತ್ತಿಲ್ಲ.

ನನ್ನ ಮಗಳು ಸಿಗ್ನೆಗೆ ಮದುವೆ. ನೀನು ಕೊನೆಯ ಸಲ ನೋಡಿದಾಗ ಮುಂದಿನ ಹಲ್ಲು ಬಿದ್ದ ಹುಡುಗಿ. ಈಗ ನನಗಿಂತ ಒಂದು ತಲೆ ಎತ್ತರ. ಜೂನ್ ಇಪ್ಪತ್ನಾಲ್ಕಕ್ಕೆ ದಿನ ಗೊತ್ತಾಗಿದೆ. ಬಿಯರ್ ನಮ್ಮ ಮನೆಯದೇ ಆಗಬೇಕು. ಇಪ್ಪತ್ತನೇ ತಾರೀಕು ಪೀಪಾಯಿಗೆ ಇಳಿಸುವುದು, ಅವತ್ತು ಮಧ್ಯಾಹ್ನ ಎರಡೂ ಕಡೆಯವರು ಬಂದು ಮೊದಲ ಬಟ್ಟಲು ಕುಡಿಯುವುದು ಎಂದು ಮಾತಾಗಿದೆ.

ಬರುವವರಲ್ಲಿ ಹುಡುಗನ ಅಜ್ಜ ಸಿವರ್ಟ್ ಒಬ್ಬ. ಎಂಬತ್ತೆರಡು ವರ್ಷ. ಪ್ರಾಯದಲ್ಲಿ ಮೂರು ಬೇಸಗೆ ನಿಮ್ಮ ಬಕ್ಕೆಯ ಹೊಲದಲ್ಲಿ ಹುಲ್ಲು ಕೊಯ್ದವನಂತೆ. ನಿಶ್ಚಿತಾರ್ಥದ ದಿನ ನನ್ನ ಕೈ ಹಿಡಿದುಕೊಂಡು, "ಹಲ್ವರನ ಮನೆ ಬಿಯರ್ ಕುಡಿದ ಮೇಲೆ ಬೇರೆದೆಲ್ಲ ಪಾತ್ರೆ ತೊಳೆದ ನೀರು ಕಣಮ್ಮ. ಅದೇ ಹೆಪ್ಪು ನಿಮ್ಮನೇಲಿದೆಯಂತೆ. ಇನ್ನೊಂದು ಸಲ ಕುಡಿದ್ಬಿಟ್ರೆ ಸಾಕು, ಹೋಗೋಕೆ ನಾನು ರೆಡಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿನ್ನ ಅಪ್ಪ, ಹಲ್ವರ್ ಮಾವ, ನನ್ನ ಮದುವೆಗೆ ಕೊಟ್ಟ, ಬಿಯರ್ ಹುದುಗಿಸುವ ಹೆಪ್ಪು ಈಚೆಗೆ ಯಾಕೋ ಸೋತಿದೆ. ನಿನಗೆ ಮಾಳಿಗೆಯಲ್ಲಿ ಮಾವನ ಹಳೆಯ ಹೆಪ್ಪಿನ ಬಳೆ ಸಿಕ್ಕಿ, ನೀನು ಅದನ್ನು ಎಬ್ಬಿಸಿದೆಯೆಂದು ಹಡಗಿನವರು ಹೇಳಿದರು. ಅಂಗೈಯಗಲ ಬಟ್ಟೆಗೆ ಹಚ್ಚಿ ಒಣಗಿಸಿ ಕಳಿಸಿದರೆ ಸಾಕು. ಹೆಪ್ಪು ಕೇಳಿದವರಿಗೆ ಇಲ್ಲ ಅನ್ನುವ ಮನೆ ನಿಮ್ಮದಲ್ಲ. ಮಾವ ನಮ್ಮಿಬ್ಬರನ್ನೂ ಒಂದೇ ತೊಟ್ಟಿಯ ಮುಂದೆ ನಿಲ್ಲಿಸಿ ಕಲಿಸಿದ್ದು ಅದನ್ನೇ.

ನಿನ್ನ ಹಳೆಯ ಗೆಳತಿ,
ಸುನ್ನಿವಾ


ಬಕ್ಕೆ
ಮಾರ್ಚ್ 17, 1958

ಸುನ್ನಿವಾ,

ಪತ್ರವನ್ನು ಒಲೆಗೆ ಹಾಕಲಿಲ್ಲ. ಎರಡು ಸಲ ಓದಿದೆ.

ಬಳೆ ಸಿಕ್ಕಿದ್ದು ನಿಜ. ಡಿಸೆಂಬರಿನಲ್ಲಿ ಮಾಳಿಗೆಯ ಹಲಗೆ ಬದಲಿಸುವಾಗ ತೊಲೆಯ ಹಿಂದೆ, ಮೇಣದ ಬಟ್ಟೆಯಲ್ಲಿ ಸುತ್ತಿದ್ದ ಒಂದು ಗಂಟು. ಬಿಚ್ಚಿದರೆ ಅಪ್ಪ ಕೆತ್ತಿದ ಬಳೆ, ಚಿಕ್ಕ ಚಿಕ್ಕ ಮರದ ತುಂಡುಗಳನ್ನು ಪೋಣಿಸಿದ್ದು. ಸಂದುಸಂದಿನಲ್ಲಿ ಹೆಪ್ಪು ಬೂದಿಯ ಬಣ್ಣಕ್ಕೆ ಒಣಗಿತ್ತು. ಜರ್ಮನರು ಬಂದ ವರ್ಷ ಇಟ್ಟಿರಬೇಕು. ಕಾಳಿಲ್ಲದ ಆ ಐದು ವರ್ಷ ಯಾರೂ ಬಿಯರ್ ಮಾಡಲಿಲ್ಲ. ನೆಲಮಾಳಿಗೆಯ ಜಾಡಿಯಲ್ಲಿದ್ದ ಹೆಪ್ಪು ಬೂಸಲು ಹಿಡಿದು ಹೋಯಿತು. ಅಪ್ಪನಿಗೆ ಲಕ್ವ ಹೊಡೆದು ಮಾತು ಬಿದ್ದುಹೋದ ಮೇಲೆ ಎಡಗೈ ಎತ್ತಿ ಎತ್ತಿ ಮೇಲೆ ತೋರಿಸುತ್ತಿದ್ದರು. ಸೆಖೆ ಆಗುತ್ತಿದೆಯೇನೋ ಎಂದು ನಾನು ಕಿಟಕಿ ತೆರೆಯುತ್ತಿದ್ದೆ.

ಜನವರಿಯಲ್ಲಿ ಬಳೆಯನ್ನು ಸಿಹಿಯಾದ ಮಾಲ್ಟಿನ ನೀರಿಗೆ, ಆಗತಾನೇ ಕರೆದ ಹಾಲಿನ ಬಿಸಿಯಲ್ಲಿ, ಇಳಿಬಿಟ್ಟೆ. ಮೇಲೆ ಕಂಬಳಿ ಹೊದಿಸಿದೆ. ಆರು ತಾಸು ಏನೂ ಇಲ್ಲ. ಆಮೇಲೆ ನೊರೆ ಕಂಬಳಿಯನ್ನು ಎತ್ತಿತು. ಎರಡನೇ ದಿನಕ್ಕೆ ಬಿಯರ್ ಮಾಡುವ ಬ್ರೂಮನೆ ತುಂಬ ಕಿತ್ತಳೆ ಸಿಪ್ಪೆಯ ವಾಸನೆ. ಕಿತ್ತಳೆಯನ್ನು ನಾನು ಕ್ರಿಸ್‌ಮಸ್ಸಿಗೊಂದು ಬಿಟ್ಟರೆ ನೋಡಿದವಳಲ್ಲ, ಆದರೆ ಆ ವಾಸನೆ ನನ್ನ ಬಾಲ್ಯದ ವಾಸನೆ.

ಆಮೇಲೆ ಇನ್ನೊಂದು ಕೆಲಸ ಮಾಡಿದೆ. 1946ರ ನವೆಂಬರಿನಲ್ಲಿ ಅಪ್ಪ ತೀರಿಕೊಂಡಾಗ, ಸಾವಿನ ಮನೆಯ ಬಿಯರಿಗೆ ಹೆಪ್ಪಿಲ್ಲ ಎಂದು ನಿನಗೆ ಹೇಳಿಕಳಿಸಿದ್ದೆ. ಅಪ್ಪ ನಿನ್ನ ಮದುವೆಗೆ ಕೊಟ್ಟ ಹೆಪ್ಪಿನಲ್ಲೇ ಒಂದಿಷ್ಟು ಹಿಂದಕ್ಕೆ ಕೊಡು ಎಂದು. ನೀನು ಕಳಿಸಿದ ಬಟ್ಟೆಯಲ್ಲಿ ಅರ್ಧ ಬಳಸಿದೆ, ಅರ್ಧ ಪೆಟ್ಟಿಗೆಯಲ್ಲಿಟ್ಟೆ. ಆ ಅರ್ಧದಲ್ಲಿ ಎರಡು ಬೆರಳಗಲ ಕತ್ತರಿಸಿ, ಅದೇ ಮಾಲ್ಟಿನ ನೀರಿಗೆ, ಅದೇ ಬಿಸಿಗೆ ಬಿಟ್ಟೆ. ಎರಡನೇ ದಿನಕ್ಕೆ ಅದರಿಂದ ಬೇಕರಿಯ ವಾಸನೆ ಬಂತು. ನಾಲಿಗೆಗಿಟ್ಟರೆ ಗಂಟಲು ಸುಟ್ಟಿತು. ಅಪ್ಪನ ತಿಥಿಯ ದಿನ ಸುಟ್ಟ ಹಾಗೇ.

ಅವತ್ತು ನಲವತ್ತು ಜನ ಆ ಬಟ್ಟಲನ್ನು ಮೂಸಿ ಕೆಳಗಿಟ್ಟರು. ನೀನು ಕಿಟಕಿಯ ಹತ್ತಿರ ನಿಂತು ಎಲ್ಲರಿಗೂ ಕೇಳುವ ಹಾಗೆ, "ಪಾಪ, ಅಪ್ಪನ್ನ ನೋಡ್ಕೊಳ್ಳೋ ಗಡಿಬಿಡೀಲಿ ಹೆಪ್ಪನ್ನ ಸಾಯಿಸ್ಬಿಟ್ಟಿದಾಳೆ. ಅವಳ ಕೈಯಲ್ಲಿ ನಿಲ್ಲಲ್ಲ ಬಿಡಿ" ಎಂದೆ. ಅಂದಿನಿಂದ ನನ್ನ ಬಾಗಿಲಿಗೆ ಹೆಪ್ಪು ಕೇಳಲು ಒಬ್ಬರೂ ಬಂದಿಲ್ಲ. ವರ್ಷಕ್ಕೆರಡು ಸಲ ಪಕ್ಕದ ಕಣಿವೆಯಿಂದ ಹೆಪ್ಪು ತಂದು ಬಿಯರ್ ಮಾಡುತ್ತೇನೆ. ಇಳಿಸುವ ದಿನ ಬ್ರೂಮನೆಯ ಬಾಗಿಲು ತೆರೆದಿಡುತ್ತೇನೆ. ತೆರೆದ ಬಾಗಿಲು ನೋಡಿದವರು ಬರಬೇಕು, ಅದಕ್ಕೆ ಕರೆಯಬೇಕಾಗಿಲ್ಲ ಅಲ್ಲವೆ? ಹನ್ನೊಂದು ವರ್ಷ ಯಾರೂ ಬರಲಿಲ್ಲ. ನನ್ನ ಕೈಯೇ ಸರಿಯಿಲ್ಲ ಎಂದು ನಾನೂ ನಂಬಿದೆ.

ಆ ಬಟ್ಟೆಯಲ್ಲಿ ಏನಿತ್ತು?

ಗುನ್ವೊರ್


ನೆಸ್
ಮಾರ್ಚ್ 29, 1958

ಗುನ್ವೊರ್,

ಹನ್ನೊಂದು ವರ್ಷ ಪೆಟ್ಟಿಗೆಯಲ್ಲಿ ಕೊಳೆತ ಚಿಂದಿಯನ್ನು ಮೂಸಿ ನನ್ನ ಮೇಲೆ ಇಷ್ಟು ದೊಡ್ಡ ಮಾತು ಹೊರಿಸುತ್ತೀಯಲ್ಲ. ಅದರಲ್ಲಿ ಬೇಕರಿಯ ವಾಸನೆ ಏಕೆ, ಕುದುರೆಯ ವಾಸನೆ ಬಂದರೂ ಆಶ್ಚರ್ಯವಿಲ್ಲ. ಒಬ್ಬಳೇ ಇದ್ದು ಇದ್ದು ಸಂಶಯ ನಿನಗೆ ಊಟತಿಂಡಿಯಾಗಿದೆ.

ನಾನು ಏನು ಆಡಿದೆನೋ ನೆನಪಿಲ್ಲ. ಆಡಿದ್ದರೆ ಮರುಕದಿಂದ ಆಡಿರಬೇಕು.

ಕೇಳಿದ್ದು ಅಂಗೈಯಗಲ ಹೆಪ್ಪು, ಅದೂ ಸಿಗ್ನೆಯ ಮದುವೆಗೆ. ಆ ಹುಡುಗಿ ನಿನಗೇನು ಮಾಡಿದ್ದಾಳೆ?

ಸುನ್ನಿವಾ


ಬಕ್ಕೆ
ಏಪ್ರಿಲ್ 14, 1958

ಸುನ್ನಿವಾ,

ಈ ವಾರ ಬಿಯರ್ ಮಾಡಿದೆ. ನಿನಗೆ ಹೇಳಬೇಕು ಅನ್ನಿಸಿತು, ಯಾಕೆಂದರೆ ಇಂಥದ್ದನ್ನು ಹೇಳಿದರೆ ಅರ್ಥವಾಗುವವರು ನನಗೆ ನಿನ್ನನ್ನು ಬಿಟ್ಟು ಯಾರೂ ಇಲ್ಲ. ಅದೇ ನನ್ನ ಸಿಟ್ಟಿನ ಬುಡ.

ಬಾರ್ಲಿಯ ಮೂಟೆಯನ್ನು ಹಳ್ಳದಲ್ಲಿ ಮೂರು ದಿನ ಮುಳುಗಿಸಿಟ್ಟೆ. ಕೊಟ್ಟಿಗೆಯ ಅಟ್ಟದಲ್ಲಿ ಹರವಿ ಮೊಳಕೆ ಬರಿಸಿದೆ. ಒಣಗಿಸುವ ಗೂಡಿಗೆ ಆಲ್ಡರ್ ಕಟ್ಟಿಗೆ ಹಾಕಿ ಎರಡು ದಿನ ಹೊಗೆ ಕೊಟ್ಟೆ. ಮಾಲ್ಟ್ ಬೀಸಿದೆ. ಪೇಟೆಯ ಅಂಗಡಿಯಲ್ಲಿ ಡಬ್ಬದ ಮಾಲ್ಟ್ ಪಾಕ ಮಾರುತ್ತಾರಂತೆ, ನೀರಿಗೆ ಸುರಿದರೆ ಆಯಿತಂತೆ. ಅಂಥವರ ಮನೆಯಲ್ಲಿ ಮಕ್ಕಳೂ ಡಬ್ಬದಲ್ಲೇ ಹುಟ್ಟುತ್ತಾರೇನೋ ಎಂದು ಅಪ್ಪ ಇದ್ದಿದ್ದರೆ ಅನ್ನುತ್ತಿದ್ದರು. ಕಾಳಿನಿಂದ ಬಂದದ್ದಷ್ಟೇ ಬಿಯರ್ ಎನ್ನುತ್ತಿದ್ದ ಮನುಷ್ಯನ ತಿಥಿಗೆ ಅಂಗಡಿಯ ಬ್ರೆಡ್ ಯೀಸ್ಟ್ ಹಾಕಿಸಿದೆ ನೀನು, ನನ್ನ ಕೈಯಿಂದ.

ಸಿಗ್ನೆ ನನಗೇನೂ ಮಾಡಿಲ್ಲ. ಹೆಪ್ಪು ಕಳಿಸುತ್ತೇನೆ. ಒಂದು ಷರತ್ತು. ಬಟ್ಟೆಗೆ ಏನು ಹಚ್ಚಿದೆ, ಯಾಕೆ ಹಚ್ಚಿದೆ, ಕಿಟಕಿಯ ಹತ್ತಿರ ನಿಂತು ಏನು ಹೇಳಿದೆ, ಎಲ್ಲವನ್ನೂ ನಿನ್ನ ಕೈಯಾರೆ ಬರೆ. ಇಪ್ಪತ್ತನೇ ತಾರೀಕು ಮೊದಲ ಬಟ್ಟಲು ಸಿವರ್ಟನ ಕೈಗೆ ಹೋಗುವ ಮುಂಚೆ, ಎಲ್ಲರ ಎದುರು ಅದನ್ನು ಓದು.

ಅಲ್ಲಿಯವರೆಗೆ ಬಳೆ ಮೊಳೆಯ ಮೇಲೆ ನೇತಾಡುತ್ತಿರುತ್ತದೆ.

ಗುನ್ವೊರ್


ನೆಸ್
ಮೇ 2, 1958

ಗುನ್ವೊರ್,

ಎಲ್ಲರೂ ಕುರಿ ತೊಳೆಯಲು ಹೋಗಿದ್ದಾರೆ. ಯಾರೂ ಇಲ್ಲದ ಹೊತ್ತು ನೋಡಿ ಬರೆಯುತ್ತಿದ್ದೇನೆ.

ಹೌದು. ಬ್ರೆಡ್ ಯೀಸ್ಟ್.

ಮಾವ ಕೊಟ್ಟ ಹೆಪ್ಪು ಯುದ್ಧದ ಎರಡನೇ ಚಳಿಗಾಲಕ್ಕೇ ಸತ್ತಿತ್ತು. ಜಾಡಿಯನ್ನು ಚೀಸ್ ಕಾಯಿಸುವ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದೆ, ಬೆಚ್ಚಗಿರಲಿ ಎಂದು. ತಣ್ಣಗಿರಬೇಕಾದದ್ದನ್ನು ಬೆಚ್ಚಗೆ ಇಟ್ಟೆ. ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ನಾನು, ನೀನು ಸೇರಿ ಒಂದು ವಾರ ನಗುತ್ತಿದ್ದೆವು. ನನ್ನ ಅತ್ತೆಗೆ ಹೇಳಲಿಲ್ಲ. "ಬಕ್ಕೆಯ ಹೆಪ್ಪು ಅಂತ ಹೊತ್ಕೊಂಡ್ ಬಂದ್ಲು, ನೋಡೋಣ ಎಷ್ಟು ದಿನ ಇಟ್ಕೋತಾಳೆ" ಎಂದು ಮದುವೆಯ ದಿನವೇ ಅಂದಿದ್ದವಳು ಅವಳು. ಕಾಳು ಮತ್ತೆ ಸಿಕ್ಕಿದಾಗ ಅಂಗಡಿಯ ಯೀಸ್ಟ್ ತಂದೆ. ತಣ್ಣಗೆ, ಬಾವಿಯ ನೀರಿನಷ್ಟು ತಣ್ಣಗೆ ಹಾಕಿದರೆ ಅದು ಹತ್ತು ದಿನಕ್ಕೆ ಕುಡಿಯುವಂಥದ್ದೇನೋ ಕೊಡುತ್ತದೆ. ಮಾಲ್ಟನ್ನು ಸ್ವಲ್ಪ ಕಪ್ಪಗೆ ಹುರಿದೆ, ಘಮಕ್ಕೆ ಹಾಕುವ ಜುನಿಪರ್ ಸೊಪ್ಪು ಎರಡರಷ್ಟು ಹಾಕಿದೆ. ಯಾರಿಗೂ ಗೊತ್ತಾಗಲಿಲ್ಲ. ಹಲ್ವರನ ಹೆಪ್ಪು ಎಂದೇ ಊರೆಲ್ಲ ಕುಡಿಯಿತು.

ಆಮೇಲೆ ನಿನ್ನ ಸುದ್ದಿ ಬಂತು. ಮಾವ ಹೋದರು, ಹೆಪ್ಪು ಬೇಕು. ನನ್ನಲ್ಲಿಲ್ಲ ಎಂದು ಒಂದು ಮಾತು ಹೇಳಿಕಳಿಸಬಹುದಿತ್ತು. ಹೇಳಿದರೆ ಅದು ಹಡಗಿನಲ್ಲಿ ಹೋಗಿ ಹಡಗಿನಲ್ಲೇ ನೆಸ್‌ಗೆ ವಾಪಸು ಬರುತ್ತಿತ್ತು. ಯೀಸ್ಟನ್ನು ಬಟ್ಟೆಗೆ ಬಳಿದು ಒಲೆಯ ಮೇಲೆ ಒಣಗಿಸಿದೆ. ನೀನು ಹಾಲಿನ ಬಿಸಿಗೆ ಹಾಕುತ್ತೀಯೆಂದು ನನಗೆ ಗೊತ್ತಿತ್ತು. ಅಷ್ಟು ಬಿಸಿಗೆ ಅಂಗಡಿಯದು ಕೆಡುತ್ತದೆ ಎಂದೂ ಗೊತ್ತಿತ್ತು. ಈ ಸಲ ಕೆಡದೇ ಇರಬಹುದು ಎಂದುಕೊಂಡೆ. ಮನುಷ್ಯರು ಅಂದುಕೊಳ್ಳುವುದು ಹಾಗೇ ಅಲ್ಲವೆ?

ತಿಥಿಯ ದಿನ ಬಟ್ಟಲು ಮೂಸಿದಾಗ, ಈಗ ನೀನು ತಿರುಗಿ ನನ್ನ ಮುಖ ನೋಡುತ್ತೀಯ ಅನ್ನಿಸಿತು. ನೀನು ನೋಡುವ ಮುಂಚೆ ನಾನು ಮಾತಾಡಿಬಿಟ್ಟೆ.

ಬರೆದಿದ್ದೇನೆ. ಓದುವುದು ಮಾತ್ರ ನನ್ನಿಂದಾಗದು. ಸಿವರ್ಟನ ಎದುರು, ಸಿಗ್ನೆಯ ಎದುರು, ಮುದುಕಿಯಾಗಿ ಮೂಲೆಯಲ್ಲಿ ಕುಳಿತ ಅತ್ತೆಯ ಎದುರು ಆಗದು. ಬೇರೆ ಏನಾದರೂ ಕೇಳು. ಬೇರೆಯವರಲ್ಲಿ ಹೆಪ್ಪು ಕೇಳೋಣ ಎಂದರೆ ಹಲ್ವರನ ಹೆಪ್ಪು ನನ್ನ ಮನೆಯಲ್ಲಿದೆ ಎಂದು ಹದಿನೈದು ವರ್ಷದಿಂದ ಹೇಳಿಕೊಂಡಿದ್ದೇನೆ. ಮುದುಕನ ನಾಲಿಗೆಗೆ ಅಂಗಡಿಯದು ಗೊತ್ತಾಗಿಬಿಡುತ್ತದೆ.

ಕೇಳಿಕೊಳ್ಳುತ್ತಿದ್ದೇನೆ, ಗುನ್ವೊರ್.

ಸುನ್ನಿವಾ


ಬಕ್ಕೆ
ಮೇ 24, 1958

ಸುನ್ನಿವಾ,

ಬರೆದದ್ದಕ್ಕೆ ಸಂತೋಷ. ನಿನ್ನ ಪತ್ರ ಈಗ ಮೇಣದ ಬಟ್ಟೆಯಲ್ಲಿ ಸುತ್ತಿ ತೊಲೆಯ ಹಿಂದೆ ಇದೆ. ಓದಲೇಬೇಕೆಂಬ ಷರತ್ತು ಬಿಟ್ಟಿದ್ದೇನೆ.

ಇದರೊಳಗೆ ಅಂಗೈಯಗಲದ ನಾರುಬಟ್ಟೆ ಇದೆ. ಅಪ್ಪನ ಲೆಕ್ಕವನ್ನೂ ಬರೆಯುತ್ತೇನೆ, ನಿನಗೆ ಮರೆತಿದ್ದರೆ. ಒಂದು ಪೀಪಾಯಿಗೆ ನಲವತ್ತು ಕಿಲೋ ಮಾಲ್ಟ್. ಕಾಯಿ ಇಲ್ಲದ ಎಳೆ ಜುನಿಪರ್ ಕೊಂಬೆಗಳು, ತಾಮ್ರದ ಹಂಡೆಯಲ್ಲಿ ನೀರು ಚಹಾದ ಬಣ್ಣಕ್ಕೆ ಬರುವವರೆಗೆ. ತೊಟ್ಟಿಯ ತಳಕ್ಕೆ ಆಲ್ಡರ್ ಕಡ್ಡಿ, ಅದರ ಮೇಲೆ ಜುನಿಪರ್ ಹಾಸು. ನೀರನ್ನು ಮಾಲ್ಟಿಗೆ ಕುದಿಕುದಿಯಾಗಿ ಸುರಿಯಬೇಡ. ಹಂಡೆಯ ನೀರಲ್ಲಿ ನಿನ್ನ ಮುಖ ಕಾಣುವಷ್ಟು ಹಬೆ ಇಳಿಯಲಿ. ಎರಡು ತಾಸು ಮುಚ್ಚಿಡು. ಆಮೇಲೆ ನಿಧಾನ ಇಳಿಸು, ಎಮ್ಮೆಯ ಕೆಚ್ಚಲಿನಿಂದ ಬಂದಷ್ಟೇ ಸಣ್ಣ ಧಾರೆಯಲ್ಲಿ. ನಮ್ಮಲ್ಲಿ ಎಮ್ಮೆ ಇಲ್ಲದಿದ್ದರೂ ಅಪ್ಪ ಹಡಗಿನಲ್ಲಿ ದುಡಿದು ಎಲ್ಲೋ ನೋಡಿ ಬಂದು ಹಾಗೇ ಹೇಳುತ್ತಿದ್ದರು. ಕಹಿಗೆ ಹಾಪ್ಸ್ ಹೂ ಒಂದು ಹಿಡಿ, ಚೀಲದಲ್ಲಿ ಕಟ್ಟಿ. ಇಳಿದ ರಸವನ್ನು ಕುದಿಸಬೇಡ. ಕುದಿಸದ ರಸ ಹೆಚ್ಚು ಹೊತ್ತು ತಾಳುವುದಿಲ್ಲ, ಹೆಪ್ಪು ಬೇಗ ಹಿಡಿಯದಿದ್ದರೆ ಹುಳಿ ಹಿಡಿಯುತ್ತದೆ, ಅದು ನಿನಗೆ ಗೊತ್ತು.

ಆಗತಾನೇ ಕರೆದ ಹಾಲಿನ ಬಿಸಿಯಲ್ಲಿ ಹೆಪ್ಪು ಹಾಕು. ಕಂಬಳಿ ಹೊದಿಸು. ನಲವತ್ತು ತಾಸಿಗೆ ಇಳಿಸು.

ಇನ್ನೊಂದು ಮಾತು. ನಿನ್ನ ಹಳೆಯ ಬಟ್ಟೆಯೂ ಅಂಗೈಯಷ್ಟು ನನ್ನಲ್ಲಿ ಉಳಿದಿತ್ತು. ಒಣಗಿದ ಮೇಲೆ ಎರಡೂ ಒಂದೇ ಬಣ್ಣ. ನೆನೆಸಿದರೂ ಎರಡು ದಿನದವರೆಗೆ ಮೂಗಿಗೆ ಭೇದ ಸಿಗದು. ಕಳಿಸಿದ್ದು ಒಂದು ಪೀಪಾಯಿಗೆ ಸಾಲುವಷ್ಟೇ. ಚೂರು ಕತ್ತರಿಸಿ ನೋಡಲು ಹೋದರೆ ಉಳಿದದ್ದು ಸಾಲದು.

ನಾನು ಕಳಿಸಿರುವುದು ಅಪ್ಪನ ಹೆಪ್ಪು. ಹಾಗೆಂದು ನಾನು ಹೇಳುತ್ತಿದ್ದೇನೆ. ನನ್ನ ಮಾತಲ್ಲದೆ ನಿನಗೆ ಬೇರೆ ಆಧಾರ ಇಲ್ಲ. ಹನ್ನೊಂದು ವರ್ಷದ ಹಿಂದೆ ನನಗೂ ನಿನ್ನ ಮಾತಲ್ಲದೆ ಬೇರೆ ಇರಲಿಲ್ಲ. ನಾನು ಒಂದು ಕ್ಷಣವೂ ಯೋಚಿಸದೆ ಹಾಲಿನ ಬಿಸಿಗೆ ಹಾಕಿದೆ.

ಸಿಗ್ನೆಗೆ ಒಳ್ಳೆಯದಾಗಲಿ.

ಗುನ್ವೊರ್


ನೆಸ್
ಜೂನ್ 12, 1958

ಗುನ್ವೊರ್,

ಮೊನ್ನೆ, ಹತ್ತನೇ ತಾರೀಕು, ಬಿಯರ್ ಮಾಡಿದೆವು. ನಿನ್ನ ಲೆಕ್ಕದ ಪ್ರಕಾರವೇ. ನನ್ನ ಗಂಡ ಔದುನ್ ನಸುಕಿನಲ್ಲೇ ದೋಣಿ ತುಂಬ ಜುನಿಪರ್ ಕಡಿದು ತಂದ. ಸಿಗ್ನೆ ತೋಳು ಮಡಿಸಿ ತೊಟ್ಟಿಗೆ ಹಾಸು ಹಾಸಿದಳು. ನಾವಿಬ್ಬರು ಹದಿನಾರರ ಪ್ರಾಯದಲ್ಲಿ ಮಾವನ ಎದುರು ಹಾಸಿದ ಹಾಗೇ, ಕೊಂಬೆಯ ಬುಡ ಹೊರಗೆ, ತುದಿ ಒಳಗೆ. ರಸ ಇಳಿಯತೊಡಗಿದಾಗ ಮೊದಲ ಲೋಟ ಅವಳೇ ಕುಡಿದಳು. ಜೇನು ಎಂದಳು.

ಆಮೇಲೆ ಹೆಪ್ಪಿನ ಹೊತ್ತು ಬಂತು. ರಸದಲ್ಲಿ ಬೆರಳಿಟ್ಟೆ, ಸರಿಯಾಗಿ ಹಾಲಿನ ಬಿಸಿ. ಇನ್ನೊಂದು ಕೈಯಲ್ಲಿ ನಿನ್ನ ಬಟ್ಟೆ.

"ಹಾಕು ಮತ್ತೆ. ಹಾಲಿನ ಬಿಸಿ ಅಂತ ಬರ್ದಿದಾಳಲ್ಲ" ಎಂದ ಔದುನ್.

"ನೀವು ಸುಮ್ನಿರಿ. ಅವಳು ಏನು ಬರೀತಾಳೆ ಯಾಕೆ ಬರೀತಾಳೆ ನಿಮಗೇನು ಗೊತ್ತು" ಎಂದೆ.

ನಾನು ನನ್ನನ್ನೇ ಕೇಳಿಕೊಂಡೆ. ಗುನ್ವೊರಳ ಜಾಗದಲ್ಲಿ ನಾನಿದ್ದಿದ್ದರೆ, ಹನ್ನೊಂದು ವರ್ಷ ತೆರೆದ ಬಾಗಿಲ ಮುಂದೆ ಒಬ್ಬಳೇ ಕುಳಿತಿದ್ದರೆ, ಎರಡು ಬಟ್ಟೆಗಳಲ್ಲಿ ಯಾವುದನ್ನು ಲಕೋಟೆಗೆ ಹಾಕುತ್ತಿದ್ದೆ? ಉತ್ತರಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. ಷರತ್ತನ್ನು ನೀನು ಅಷ್ಟು ಸುಲಭಕ್ಕೆ ಬಿಟ್ಟಾಗಲೇ ನನಗೆ ವಾಸನೆ ಹತ್ತಿತ್ತು.

ತೊಟ್ಟಿಯ ಸುತ್ತ ಹಿಮದ ನೀರು ಸುರಿಸಿ, ರಸವನ್ನು ಬಾವಿಯ ನೀರಿನಷ್ಟು ತಣ್ಣಗೆ ಮಾಡಿ, ಆಮೇಲೆ ನಿನ್ನ ಬಟ್ಟೆ ಹಾಕಿದೆ. ಅಂಗಡಿಯ ಯೀಸ್ಟಿನ ಜೊತೆ ಹದಿಮೂರು ವರ್ಷ ಬಾಳಿದವಳು ನಾನು, ಅದನ್ನು ಹೇಗೆ ಸುಧಾರಿಸಬೇಕೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಇವತ್ತು ನೋಡಿದೆ: ಅಲ್ಲೊಂದು ಇಲ್ಲೊಂದು ಗುಳ್ಳೆ, ಮಂದಗತಿ. ಅದರ ನಡಿಗೆಯೇ ಹಾಗೆ. ಇಪ್ಪತ್ತಕ್ಕೆ ಸರಿಯಾಗಿ ಹತ್ತು ದಿನ. ಜುನಿಪರ್ ಗಾಢವಾಗಿದೆ, ಮುದುಕನಿಗೆ ವಯಸ್ಸಾಗಿದೆ. ದಾಟಿಕೊಳ್ಳುತ್ತೇನೆ.

ನಿನ್ನ ಕೈಗೆ ಸಿಕ್ಕಿಬೀಳುವಷ್ಟು ದಡ್ಡಿ ನಾನಲ್ಲ ಎಂದು ತಿಳಿಸಲಿಕ್ಕೆ ಇಷ್ಟು ಬರೆದೆ. ನನ್ನ ಮಗಳ ಮದುವೆಯನ್ನು ಹಾಳು ಮಾಡಲು ಹೊರಟವಳು ನೀನು. ಇನ್ನು ನಾವಿಬ್ಬರೂ ಸಮ.

ಸುನ್ನಿವಾ


ನೆಸ್
ಜೂನ್ 28, 1958

ಗುನ್ವೊರ್,

ಏನಾಯಿತೆಂದು ನಿನಗೆ ಬೇರೆಯವರಿಂದ ಗೊತ್ತಾಗುವ ಮುಂಚೆ ನಾನೇ ಬರೆಯುತ್ತೇನೆ. ಮುಂಚೆ ಮಾತಾಡುವುದು ನನ್ನ ಅಭ್ಯಾಸ.

ಹದಿನೇಳರವರೆಗೂ ಏನೂ ಕೆಟ್ಟಿರಲಿಲ್ಲ. ಸಿಹಿಯಾಗಿತ್ತು, ಬರೀ ಸಿಹಿ, ಮಂದ. ಇನ್ನೇನು ಏಳುತ್ತದೆ ಎಂದು ಕಾಯುತ್ತಿದ್ದೆ. ಹದಿನೆಂಟರ ಬೆಳಿಗ್ಗೆ ಮುಚ್ಚಳ ತೆಗೆದರೆ ಹುಳಿ. ಹತ್ತೊಂಬತ್ತಕ್ಕೆ ಮೇಲೆ ಬಿಳಿ ಪೊರೆ. ಕಂಬಳಿ ಹೊದಿಸಿದೆ, ಹಾಲಿನ ಕ್ಯಾನಿಗೆ ಬಿಸಿನೀರು ತುಂಬಿ ಇಳಿಬಿಟ್ಟೆ. ತಡವಾಗಿತ್ತು.

ಇಪ್ಪತ್ತಕ್ಕೆ ಮೂವತ್ತು ಜನ ಬಂದರು. ಬಾಗಿಲು ತೆರೆದಿತ್ತು, ಮುಚ್ಚುವ ಹಾಗಿರಲಿಲ್ಲ. ಸಿವರ್ಟನಿಗೆ ಹೊಸ ಅಂಗಿ ಹಾಕಿಸಿ ಕರೆತಂದಿದ್ದರು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಬಾಯಿಗೆ ತೆಗೆದುಕೊಂಡ. ನುಂಗಲೂ ಇಲ್ಲ, ಉಗುಳಲೂ ಇಲ್ಲ. ಮೂವತ್ತು ಜನ ಅವನ ಗಂಟಲನ್ನೇ ನೋಡುತ್ತಿದ್ದರು. ನಾನು, "ಬಕ್ಕೆಯಿಂದ ಬಂದ ಹೆಪ್ಪು, ಅವಳು ಏನು ಕಳಿಸಿದಾಳೋ" ಎಂದು ಶುರುಮಾಡಿದೆ. ಹೌದು, ಮತ್ತೆ ಅದನ್ನೇ ಶುರುಮಾಡಿದೆ.

ಮುದುಕ ಕೈಯೆತ್ತಿ ನನ್ನನ್ನು ತಡೆದ. ತೊಟ್ಟಿಯ ಹತ್ತಿರ ಹೋಗಿ ಅಂಗಿಯ ತೋಳು ಮೇಲೇರಿಸದೆಯೇ ಕೈ ಮುಳುಗಿಸಿ, ತಳದ ಗಸಿಯನ್ನು ಬೆರಳಲ್ಲಿ ತೆಗೆದು, ನೆಕ್ಕಿ, ಕಣ್ಣು ಮುಚ್ಚಿ ನಿಂತ.

"ಹೆಪ್ಪು ಹಲ್ವರನದೇ" ಎಂದ. "ಇದನ್ನ ತಣ್ಣಗೆ ಹಾಕಿ ಮಲಗಿಸಿದ್ದು ಯಾರು?"

ಆಮೇಲೆ ನಾನು ಎಲ್ಲ ಹೇಳಿದೆ. ಒಲೆಯ ಪಕ್ಕದ ಗೂಡಿನಿಂದ ಹಿಡಿದು ನಿನ್ನ ಪತ್ರದವರೆಗೆ, ಒಂದೂ ಬಿಡದೆ. ಓದಲು ಕಾಗದ ಬೇಕಾಗಲಿಲ್ಲ. ಅತ್ತೆ ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿದಳು.

ಮದುವೆ ಆಯಿತು. ನೆರೆಮನೆಗಳವರು ತಮ್ಮ ತಮ್ಮ ಪೀಪಾಯಿ ತಂದರು. ಅವರ ಬಿಯರನ್ನು ನಾನು ನನ್ನ ಮಗಳ ಮದುವೆಯಲ್ಲಿ ಬಡಿಸಿದೆ. ಹೊರಡುವ ಮುಂಚೆ ಸಿಗ್ನೆ ಒಂದೇ ಒಂದು ಮಾತು ಕೇಳಿದಳು: "ಅವರು ನಿಜ ಬರ್ದಿರಬಹುದು ಅಂತ ನಿಂಗೆ ಒಂದ್ ಸಲಾನೂ ಅನ್ನಿಸ್ಲಿಲ್ವಾ ಅಮ್ಮ?"

ಅನ್ನಿಸಲಿಲ್ಲ.

ಸುನ್ನಿವಾ


ಬಕ್ಕೆ
ಜೂನ್ 14, 1958

ಸುನ್ನಿವಾ,

ನಿನ್ನ ಪತ್ರ ಇವತ್ತು ಬಂತು. ಬೇಗ ಓದು. ಅದು ಅಪ್ಪನ ಹೆಪ್ಪೇ. ತಣ್ಣಗೆ ಅದು ಏಳುವುದಿಲ್ಲ, ಮಲಗಿಬಿಡುತ್ತದೆ. ಹಾಲಿನ ಕ್ಯಾನುಗಳಲ್ಲಿ ಕುದಿನೀರು ತುಂಬಿ ಬಿಗಿಯಾಗಿ ಮುಚ್ಚಿ ತೊಟ್ಟಿಗೆ ಇಳಿಬಿಡು. ಬೆರಳಿಗೆ ಹಾಲಿನ ಬಿಸಿ ಬರುವವರೆಗೆ ಬದಲಿಸುತ್ತಿರು. ತಳವನ್ನು ಒಮ್ಮೆ ಕಲಕು. ನಾಲ್ಕು ಕಂಬಳಿ ಹೊದಿಸು. ಮೂಗಿಗೆ ಹುಳಿ ಬಾರದಿದ್ದರೆ ಇನ್ನೂ ಉಳಿಯುತ್ತದೆ. ಈ ಪತ್ರ ನಾಳೆ ಹೊರಟರೆ ಹದಿನೇಳಕ್ಕೆ ನಿನ್ನ ಕೈಯಲ್ಲಿರುತ್ತದೆ. ಹತ್ತೊಂಬತ್ತಕ್ಕೆ ಕಿತ್ತಳೆಯ ವಾಸನೆ ಬರುತ್ತದೆ, ಇಪ್ಪತ್ತಕ್ಕೆ ಧೈರ್ಯವಾಗಿ ಇಳಿಸು.

ಗುನ್ವೊರ್

ಜುಲೈ 6

ಮೇಲಿನದನ್ನು ಬರೆದ ತಾರೀಕು ಸರಿಯಾಗಿದೆ. ನಿನ್ನ ಪತ್ರ ಓದಿದ ಅರ್ಧ ತಾಸಿನಲ್ಲಿ ಬರೆದೆ. ಅಂಟಿಸಿದೆ, ಅಂಚೆಚೀಟಿ ಹಚ್ಚಿದೆ.

ಹದಿನೈದರ ಬೆಳಿಗ್ಗೆ ಹಾಲಿನ ಕ್ಯಾನ್ ಇಡುವ ಕಟ್ಟೆಯ ಹತ್ತಿರ ಅಂಚೆಗಾಡಿ ಬಂದಾಗ ನಾನು ಅಲ್ಲೇ ಇದ್ದೆ, ಪತ್ರ ಏಪ್ರನ್ನಿನ ಜೇಬಿನಲ್ಲಿತ್ತು. "ಏನಾದ್ರೂ ಹಾಕೋದಿದ್ಯಾ ಅಕ್ಕಾ?" ಎಂದು ಡ್ರೈವರ್ ಕೇಳಿದ. ಇಲ್ಲ ಎಂದೆ. ಹುಲ್ಲು ಒಣಗಲು ಒಳ್ಳೆಯ ಬಿಸಿಲು ಎಂದು ಇಬ್ಬರೂ ಮಾತಾಡಿದೆವು. ಮನೆಯವರೆಗೆ ಏರು ಹತ್ತುವಾಗ ನನ್ನ ಕಾಲುಗಳು ಹದಿನಾರು ವರ್ಷದವಳ ಕಾಲಿನಷ್ಟು ಹಗುರವಾಗಿದ್ದವು. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಹದಿನಾರಕ್ಕೆ ಅಂಗಡಿಗೆ ಹೋಗಿದ್ದೆ. ಅಲ್ಲಿಯ ಗೋಡೆಯ ಮೇಲೆ ಟೆಲಿಫೋನ್ ಇದೆ, ನೆಸ್‌ನ ಅಂಗಡಿಯಲ್ಲೂ ಇದೆ. ಅದರ ಕೆಳಗೆ ನಿಂತು ಕಾಫಿಪುಡಿ, ಒಂದು ಪೊಟ್ಟಣ ಸೂಜಿ ಕೊಂಡು ಬಂದೆ.

ಹದಿನೇಳರವರೆಗೂ ಸಿಹಿಯಾಗಿತ್ತು ಎಂದು ಬರೆದಿದ್ದೀಯ. ನನ್ನ ಅಂದಾಜು ತಪ್ಪಿರಲಿಲ್ಲ.

ನೀನು ತಣ್ಣಗೆ ಹಾಕುತ್ತೀಯೆಂದು ಮೇ ತಿಂಗಳಿನಲ್ಲೇ ನನಗೆ ಗೊತ್ತಿತ್ತೆ ಎಂದು ನೀನು ಕೇಳಿಲ್ಲ. ಸಿವರ್ಟ್ ಕೇಳಿದ. ಮದುವೆಯ ಮಾರನೆಯ ವಾರ ಮುದುಕ ಹಡಗು ಹತ್ತಿ ಒಬ್ಬನೇ ಬಂದಿದ್ದ, ಬಕ್ಕೆಯ ಏರನ್ನು ಕೋಲೂರಿಕೊಂಡು ಹತ್ತಿ. ಅವತ್ತು ನಾನು ಬಿಯರ್ ಇಳಿಸುತ್ತಿದ್ದೆ, ಬಾಗಿಲು ತೆರೆದಿತ್ತು. ಹನ್ನೊಂದು ವರ್ಷದಲ್ಲಿ ಆ ಹೊಸ್ತಿಲು ದಾಟಿದ ಮೊದಲನೆಯವನು ಅವನು. ಹೆಪ್ಪಿಗೆಂದು ಬಂದೆ, ಸಾಯುವ ಮುಂಚೆ ಮೊಮ್ಮಗನ ಮನೆಯಲ್ಲಿ ಅದನ್ನು ಇಡಿಸಬೇಕು ಎಂದ. ನಾನು ಬಟ್ಟಲು ತುಂಬಿ ಕೊಟ್ಟೆ. ಅರ್ಧ ಕುಡಿದ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಹಾಗೇ ನನ್ನನ್ನು ನೋಡಿದ.

"ಅವಳು ನಂಬಲ್ಲ ಅಂತ ನಿಂಗೆ ಗೊತ್ತಿತ್ತಾ ಮಗಳೇ?"

"ಗೊತ್ತಿತ್ತು" ಎಂದೆ.

"ಗೊತ್ತಿದ್ದೂ ಕಳಿಸ್ದೆ."

"ನಿಜವಾದದ್ದನ್ನೇ ಕಳಿಸಿದೆ. ನಿಜವನ್ನೇ ಬರೆದೆ."

ಮುದುಕ ತಲೆಯಾಡಿಸಿದ. ಬಟ್ಟಲನ್ನು ಅರ್ಧಕ್ಕೇ ಬೆಂಚಿನ ಮೇಲಿಟ್ಟ. ಬಳೆಯನ್ನು ಮೊಳೆಯಿಂದ ಇಳಿಸಿ ಅವನ ಮುಂದೆ ಹಿಡಿದೆ, ಬೇಕಾದಷ್ಟು ತುಂಡು ಬಿಚ್ಚಿಕೋ ಎಂದೆ. ಬೇಡಮ್ಮ ಎಂದ. ಕೋಲು ಹುಡುಕಿ ತೆಗೆದುಕೊಂಡು, ನಿಧಾನ ಇಳಿದು ಹೋದ. ಹಡಗು ಬರಲು ಇನ್ನೂ ಮೂರು ತಾಸಿತ್ತು. ಕೆಳಗೆ ದಕ್ಕೆಯ ಮೇಲೆ ಕುಳಿತೇ ಇದ್ದ, ನನಗೆ ಇಲ್ಲಿಂದ ಕಾಣುತ್ತಿತ್ತು.

ಇದನ್ನು ನಿನಗೆ ಸಮಾಧಾನವಾಗಲಿ ಎಂದು ಬರೆಯುತ್ತಿಲ್ಲ. ಹದಿನೈದನೇ ತಾರೀಕಿನ ಬೆಳಿಗ್ಗೆ ಇನ್ನೊಮ್ಮೆ ಬಂದರೂ ಪತ್ರ ನನ್ನ ಜೇಬಿನಲ್ಲೇ ಉಳಿಯುತ್ತದೆ.

ಗುನ್ವೊರ್